ಸಣ್ಣಕಥೆ ಓದಲು ಬೇಕಾದ ಪದಗಳನ್ನು ನೀವೆಲ್ಲ ಹೇಗೆ ಕಲಿತಿರಿ?

ಕೇಳಿದ್ದು:
ಈ ವರ್ಷ ಸಾಹಿತ್ಯ ತಗೊಂಡಿದ್ದೇನೆ. ಕಥೆ ಓದುವುದು ತುಂಬಾ ಇಷ್ಟ. ಕಥಾವಸ್ತು, ಆಶಯ, ನಿರೂಪಣೆ, ಸಂಕೇತ, ಪ್ರತಿಮೆ, ಧ್ವನಿ ಅಂತ ದೊಡ್ಡ ಪಟ್ಟಿ ಮಾಡಿಕೊಂಡು ಅರ್ಥ ಬಾಯಿಪಾಠ ಮಾಡಿದ್ದೇನೆ. ಆದರೆ ಹೊಸ ಕಥೆ ಮುಂದಿಟ್ಟುಕೊಂಡು ಕೂತರೆ ಯಾವ ಪದ ಎಲ್ಲಿ ಹಾಕಬೇಕು ಅಂತ ತೋಚುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಪಾಠ ಮಾಡುವವರು:
ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಒಂದೇ ಪದ ಹಿಡಿಯಿರಿ: ನಿರೂಪಕ. ಕಥೆ ಬರೆದವರು ಬೇರೆ, ಕಥೆ ಹೇಳುತ್ತಿರುವವರು ಬೇರೆ. ‘ನಾನು’ ಅಂತ ಶುರುವಾದದ್ದನ್ನೆಲ್ಲ ಲೇಖಕರ ಸ್ವಂತ ಬದುಕು ಅಂತ ಓದುವವರು ಜಾಸ್ತಿ. ಮೊದಲು ಆ ಅಭ್ಯಾಸ ಹೋಗಬೇಕು.

ಒಂದೇ ಘಟನೆಯನ್ನು ನಾನು ಬೋರ್ಡಿನ ಮೇಲೆ ಮೂರು ಸಲ ಬರೆಯುತ್ತೇನೆ.

‘ನಾನು ಕಿಟಕಿ ಮುಚ್ಚಿದೆ. ಅವನ ಹೆಜ್ಜೆ ಸದ್ದು ಕೇಳುವುದು ನನಗೆ ಬೇಕಿರಲಿಲ್ಲ.’

‘ಕಿಟಕಿ ಮುಚ್ಚಿತು. ಅವಳಿಗೆ ಇನ್ನೂ ಸಿಟ್ಟು ಇಳಿದಿಲ್ಲ ಅಂದುಕೊಂಡು ಅವನು ಗೇಟಿನಿಂದಲೇ ತಿರುಗಿದ.’

‘ಅವಳು ಕಿಟಕಿ ಮುಚ್ಚಿದಳು. ಸಿಟ್ಟು ಅಂದುಕೊಂಡ ಅವನು. ಅವಳಿಗಿದ್ದದ್ದು ಭಯ.’

ಮೊದಲನೆಯದರಲ್ಲಿ ಅವಳ ಮನಸ್ಸು ಮಾತ್ರ ಕಾಣುತ್ತದೆ. ಎರಡನೆಯದರಲ್ಲಿ ಅವನ ಬೆನ್ನಹಿಂದೆ ನಿಂತು ನೋಡುತ್ತೇವೆ, ಅವನು ತಪ್ಪು ತಿಳಿದರೆ ನಾವೂ ತಪ್ಪು ತಿಳಿಯುತ್ತೇವೆ. ಮೂರನೆಯದು ಇಬ್ಬರ ಒಳಗನ್ನೂ ಬಲ್ಲ ಸರ್ವಜ್ಞ ನಿರೂಪಕ. ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾಯಿತು, ಅಲ್ವಾ? ಅದೇ ನಾಟಕೀಯ ವ್ಯಂಗ್ಯ. ಹೀಗೆ ಒಂದು ಪದದಿಂದ ಇನ್ನೊಂದು ತಾನಾಗಿ ಸಿಗುತ್ತದೆ.

ಇನ್ನೊಂದು ಮಾತು. ‘ನಾನು’ ಹೇಳುವ ಕಥೆಗೆ ಕೆಲವರು ಪ್ರಥಮ ಪುರುಷ ನಿರೂಪಣೆ ಅಂತ ಬರೆಯುತ್ತಾರೆ. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ. ಪ್ರಥಮ ಪುರುಷ ಅಂದರೆ ಅವನು, ಅವಳು. ಉತ್ತಮ ಪುರುಷ ಅಂತಲೇ ಬರೆಯಿರಿ, ಗೊಂದಲ ಇರುವುದಿಲ್ಲ.

ಹೋದ ವರ್ಷ ಪರೀಕ್ಷೆ ಬರೆದವಳು:
ನನಗೆ ಜಾಸ್ತಿ ಕಾಟ ಕೊಟ್ಟದ್ದು ಕಥಾವಸ್ತು. ಒಂದು ಪುಸ್ತಕದಲ್ಲಿ ಅದು ಘಟನೆಗಳ ಸರಣಿ, ಇನ್ನೊಂದರಲ್ಲಿ ಕಥೆ ಯಾವುದರ ಬಗ್ಗೆ ಅನ್ನುವುದು. ಎರಡೂ ಬಳಕೆ ಇದೆ. ಈಗ ನಾನು ಮೂರಾಗಿ ಬಿಡಿಸಿಕೊಳ್ಳುತ್ತೇನೆ. ಏನಾಯಿತು, ಯಾಕಾಯಿತು ಅನ್ನುವ ಹೆಣಿಗೆ ಕಥಾಹಂದರ. ಯಾವುದರ ಬಗ್ಗೆ ಅನ್ನುವುದು ವಸ್ತು. ಅದರ ಬಗ್ಗೆ ಕಥೆ ಏನನ್ನು ಕಾಣಿಸುತ್ತದೆ ಅನ್ನುವುದು ಆಶಯ. ‘ಮುಪ್ಪು’ ಒಂದು ವಸ್ತು. ‘ಮುಪ್ಪಿನಲ್ಲಿ ಮನುಷ್ಯ ತನ್ನ ಹೆಸರು ಹಿಡಿದು ಕರೆಯುವವರಿಗಾಗಿ ಹಂಬಲಿಸುತ್ತಾನೆ’ ಅನ್ನುವುದು ಆಶಯ. ಆಶಯವನ್ನು ಒಂದೇ ಪದದಲ್ಲಿ ಬರೆದಿದ್ದರೆ ಅದಿನ್ನೂ ವಸ್ತುವೇ. ಪೂರ್ತಿ ವಾಕ್ಯ ಮಾಡಿ ನೋಡಿ.

‘ಯಾಕಾಯಿತು’ ಅನ್ನುವುದಕ್ಕೆ ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಕೊಟ್ಟ ಉದಾಹರಣೆ ನನಗೆ ಮರೆಯುವುದಿಲ್ಲ. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಅಂದರೆ ಬರೀ ಕಥೆ. ರಾಜ ಸತ್ತ, ಆ ದುಃಖಕ್ಕೆ ರಾಣಿ ಸತ್ತಳು ಅಂದರೆ ಹಂದರ.

ಮತ್ತೆ ಕೇಳಿದ್ದು:
ಇದು ಚೆನ್ನಾಗಿ ಹತ್ತಿತು. ಸಂಕೇತದ ವಿಷಯ ಹೇಳಿ. ನನಗೆ ಎಲ್ಲವೂ ಸಂಕೇತದ ಹಾಗೇ ಕಾಣುತ್ತದೆ. ಮಳೆ ಬಂದರೆ ದುಃಖ, ದೀಪ ಆರಿದರೆ ಸಾವು.

ಕಥೆ ಬರೆಯುವವರು:
ಮಳೆ ಎಷ್ಟೋ ಸಲ ಸುಮ್ನೆ ಮಳೆ. ನಾನೂ ಹಾಗೇ ಬರೆಯುತ್ತೇನೆ. ಮಳೆ, ದೀಪದಂಥ ಒಂದು ವಸ್ತು ಸಂಕೇತವಾಗಬೇಕಾದರೆ ಕಥೆ ಅದನ್ನು ಮುಟ್ಟಿ ಮುಟ್ಟಿ ನೋಡಬೇಕು. ಕಥೆಯೊಂದರಲ್ಲಿ ಒಂದು ಬೀಗದ ಕೈ ಇದೆ ಅನ್ನಿ. ಮೊದಲ ಪುಟದಲ್ಲಿ ಅಮ್ಮ ಅದನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ನಡುವೆ ಮನೆ ಮಾರಾಟವಾಗುತ್ತದೆ. ಕೊನೆಗೆ ಬೇರೆ ಮನೆಯಲ್ಲಿ ಮಲಗಿದ ಅಮ್ಮನ ಸೆರಗಿನಲ್ಲಿ ಅದೇ ಗಂಟು. ಈಗ ಆ ಕೈ ಯಾವ ಬೀಗವನ್ನೂ ತೆಗೆಯುವುದಿಲ್ಲ. ಅದು ಮತ್ತೆ ಬಂತು, ಬರುವಾಗ ಅರ್ಥ ಬದಲಾಗಿತ್ತು, ತೆಗೆದುಬಿಟ್ಟರೆ ಕಥೆಗೆ ನೋವಾಗುತ್ತದೆ. ಇಷ್ಟಿದ್ದರೆ ಧೈರ್ಯವಾಗಿ ಸಂಕೇತ ಅನ್ನಿ. ಪ್ರತಿಮೆ ಹಾಗಲ್ಲ. ಕಣ್ಣಿಗೆ, ಕಿವಿಗೆ, ಮೂಗಿಗೆ ಸಿಗುವ ಚಿತ್ರ ಒಂದೇ ಸಲ ಬಂದು ಹೋದರೂ ಪ್ರತಿಮೆಯೇ.

‘ಅಮ್ಮನಿಗೆ ಹಳೇ ಮನೆ ಮರೆಯಲಾಗಲಿಲ್ಲ’ ಅಂತ ಕಥೆ ಎಲ್ಲೂ ಹೇಳಿಲ್ಲ, ಗಮನಿಸಿ. ಆದರೂ ನಮಗೆ ತಿಳಿಯಿತು. ಹೀಗೆ ಹೇಳದೆ ಹೊಳೆಯುವುದೇ ಧ್ವನಿ. 9ನೇ ಶತಮಾನದಲ್ಲಿ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಕಾವ್ಯದ ಜೀವವೇ ಅದು ಅಂದ. ಕಾವ್ಯಶಾಸ್ತ್ರದಲ್ಲಿ ಹಾಗೆ ಹೊಳೆಯುವ ಅರ್ಥಕ್ಕೆ ವ್ಯಂಗ್ಯಾರ್ಥ ಅನ್ನುತ್ತಾರೆ. ಚುಚ್ಚುಮಾತಿನ ವ್ಯಂಗ್ಯಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ. ಇತ್ತೀಚೆಗೆ ನಿರೂಪಕರ ದನಿಗೂ ಧ್ವನಿ ಅಂತ ಬರೆಯುವುದುಂಟು, ಸಂದರ್ಭ ನೋಡಿಕೊಳ್ಳಿ.

ಪಾಠ ಮಾಡುವವರು:
ಆರಂಭ, ಏರಿಕೆ, ಪರಾಕಾಷ್ಠೆ, ಇಳಿಕೆ, ಮುಕ್ತಾಯ ಅನ್ನುವ ತ್ರಿಕೋನದ ಚಿತ್ರವೂ ನಿಮ್ಮ ಪಟ್ಟಿಯಲ್ಲಿರಬೇಕು. ಜರ್ಮನಿಯ ಲೇಖಕ ಗುಸ್ತಾವ್ ಫ್ರೈಟಾಗ್ 1863ರಲ್ಲಿ ಅದನ್ನು ಮಾಡಿದ್ದು ಐದು ಅಂಕದ ನಾಟಕಕ್ಕೆ. ಎಷ್ಟೋ ಸಣ್ಣಕಥೆ ಪರಾಕಾಷ್ಠೆಯಲ್ಲೇ ನಿಂತುಬಿಡುತ್ತವೆ. ಇಳಿಕೆ ಸಿಗಲಿಲ್ಲ ಅಂತ ಒತ್ತಾಯದಿಂದ ಹುಡುಕಬೇಡಿ.

ಹೋದ ವರ್ಷ ಪರೀಕ್ಷೆ ಬರೆದವಳು:
ಉತ್ತರ ಬರೆಯುವಾಗ ಪದ ಮೊದಲು ಬರೆಯಬೇಡಿ, ಕಥೆಯ ಸಾಲು ಮೊದಲು ಬರೆಯಿರಿ. ‘ಈ ಕಥೆಯಲ್ಲಿ ಸಂಕೇತಗಳು ಹೇರಳವಾಗಿವೆ’ ಅಂದರೆ ಏನೂ ಹೇಳಿದಂತಾಗುವುದಿಲ್ಲ. ‘ಮನೆ ಮಾರಿದ ಮೇಲೂ ಬೀಗದ ಕೈ ಸೆರಗಿನಲ್ಲೇ ಇದೆ, ಮೊದಲು ಅಧಿಕಾರದ ಗುರುತಾಗಿದ್ದದ್ದು ಇಲ್ಲಿ ಕಳೆದುಕೊಂಡದ್ದರ ಸಂಕೇತ’ ಅಂತ ಬರೆಯಿರಿ. ನಾನು ಓದಿದ ಕಥೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘ಯಾರು ನೋಡುತ್ತಿದ್ದಾರೆ?’, ‘ಮತ್ತೆ ಬಂತು’, ‘ಹೇಳಲಿಲ್ಲ’ ಅಂತಷ್ಟೇ ಗುರುತು ಹಾಕುತ್ತಿದ್ದೆ. ಪದಗಳನ್ನು ಎರಡನೇ ಓದಿನಲ್ಲಿ ಪಕ್ಕಕ್ಕೆ ಬರೆದುಕೊಳ್ಳುತ್ತಿದ್ದೆ.