ಫಲಕಕ್ಕೆ ಪದ ಬೇಕು: ಉರಿಯೂತವೋ, ನಂಜೋ?

ಮಂಡ್ಯದಿಂದ

ಮಾನ್ಯರೇ,

ನಮ್ಮ ತಾಲ್ಲೂಕಿನ ಹಳ್ಳಿಯೊಂದರ ಆರೋಗ್ಯ ಕೇಂದ್ರದ ಹೊರಗೋಡೆಗೆ ಹಾಕುವ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗಾಯದ ಮೂಲಕ ರೋಗಾಣು ಒಳಹೊಕ್ಕಾಗ ಮೈ ಅದನ್ನು ಹೇಗೆ ಎದುರಿಸುತ್ತದೆ ಎಂಬುದು ಅದರ ವಿಷಯ. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕಾಗಿದೆ. ‘ಇನ್‌ಫೆಕ್ಷನ್’ ಎಂಬಲ್ಲಿ ‘ಸೋಂಕು’ ಎಂದು ಬರೆದು ಮುಂದೆ ಹೋದೆ. ‘ಇನ್‌ಫ್ಲಮೇಷನ್’ ಬಂದಾಗ ಕೈ ನಿಂತಿತು. ನಿಘಂಟಿನಲ್ಲಿ ‘ಉರಿಯೂತ’ ಇದೆ. ಆದರೆ ಕಬ್ಬಿನ ಗರಿ ಬೆರಳು ಕುಯ್ದು ಮೂರನೆಯ ದಿನಕ್ಕೆ ಕೇಂದ್ರಕ್ಕೆ ಬಂದಿದ್ದ ಹೆಣ್ಣುಮಗಳೊಬ್ಬರಿಗೆ ಕರಡನ್ನು ಓದಿ ಹೇಳಿದಾಗ, ಅವರು ‘ಉರಿಮೂತ್ರವಾ?’ ಎಂದು ಕೇಳಿದರು. ಅವರ ಬೆರಳು ಗೆಣ್ಣಿನವರೆಗೆ ಕೆಂಪಗೆ ಊದಿತ್ತು, ಉಗುರಿನ ಬುಡದಲ್ಲಿ ಹಳದಿ ಕೀವು ಕಾಣುತ್ತಿತ್ತು. ಅದನ್ನು ಅವರು ‘ನಂಜಾಗೈತೆ’ ಎಂದರು. ಹಾಗಾದರೆ ‘ನಂಜು’ ಎಂದೇ ಬರೆಯಲೇ? ‘ಬಾವು’ ಆದೀತೇ? ಬಲ್ಲವರು ಈ ರಾತ್ರಿಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಮೈಸೂರಿನಿಂದ, ಮರುಪತ್ರ

ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ನಿಘಂಟನ್ನು ಮುಚ್ಚಿಟ್ಟು ‘ನಂಜು’ ಎಂದು ಬರೆಯಿರಿ.

ತಮಿಳಿನಲ್ಲಿಯೂ ಇದೇ ರೂಪದಲ್ಲಿ ಉಳಿದಿರುವ ಅಚ್ಚ ದ್ರಾವಿಡ ಪದವಿದು. ನಂಜನ್ನು ಉಂಡವನು ನಂಜುಂಡ, ಅವನು ನೆಲೆಸಿದ ಊರು ನಂಜನಗೂಡು. ಮೈಸೂರಿನಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಊರಿನ ಹೆಸರೇ ಈ ಪದವನ್ನು ಹೊತ್ತು ನಿಂತಿರುವಾಗ ನಾವು ಪರದೇಶದ ಬಾಗಿಲು ತಟ್ಟುವುದೇಕೆ? ‘ಉರಿಯೂತ’ವಾದರೋ ಇಂಗ್ಲಿಷಿನ ನೆರಳು. ಲ್ಯಾಟಿನ್ನಿನಲ್ಲಿ ಬೆಂಕಿ ಹಚ್ಚು ಎಂಬ ಅರ್ಥದ ಧಾತುವನ್ನು ನೋಡಿಕೊಂಡು ಯಾರೋ ಮೇಜಿನ ಮುಂದೆ ಕುಳಿತು ಹೊಸೆದದ್ದು. ಸಂಸ್ಕೃತದ ‘ಶೋಥ’, ‘ಪ್ರದಾಹ’ ಎನ್ನುವವರು ಬರುವ ಮೊದಲೇ ಹೇಳುತ್ತೇನೆ: ಅವೂ ಬೇಡ. ಜನರ ಬಾಯಲ್ಲಿ ಜೀವಂತವಾಗಿರುವ ಮಾತನ್ನು ಬಿಟ್ಟು ಕಡ ತರುವ ಚಟದಿಂದಲೇ ನಮ್ಮ ವೈದ್ಯಕೀಯ ಕನ್ನಡ ಯಾರಿಗೂ ಅರ್ಥವಾಗದ ಸ್ಥಿತಿಗೆ ಬಂದಿದೆ.

ಮೈಸೂರಿನಿಂದಲೇ, ಇನ್ನೊಬ್ಬರ ಪತ್ರ

ಅನುವಾದಕರು ದಯವಿಟ್ಟು ‘ನಂಜು’ ಎಂದು ಅಚ್ಚು ಹಾಕಿಸಬಾರದು. ಪದ ಚೆನ್ನಾಗಿದೆ, ಆದರೆ ಈ ಅರ್ಥಕ್ಕೆ ಸಲ್ಲದು. ನಂಜು ಎಂದರೆ ಹೊರಗಿನಿಂದ ಮೈ ಸೇರಿದ ಕೇಡು. ಉರಿಯೂತವೆಂದರೆ ಆ ಕೇಡಿಗೆ ಮೈ ತಾನೇ ಕೊಡುವ ಉತ್ತರ. ಕಳ್ಳನಿಗೂ ಕಾವಲುಗಾರನಿಗೂ ಒಂದೇ ಹೆಸರಿಟ್ಟರೆ ಓದಿದವರಿಗೆ ಏನು ತಿಳಿದೀತು?

ಆ ಹೆಣ್ಣುಮಗಳ ಬೆರಳನ್ನೇ ನೋಡೋಣ. ಗರಿ ಕುಯ್ದ ಜಾಗದಲ್ಲಿ ರೋಗಾಣು ಹೊಕ್ಕೊಡನೆ, ಅಲ್ಲಿಯೇ ನೆಲೆಸಿರುವ ಕಾವಲು ಕೋಶಗಳು ಅದನ್ನು ಗುರುತಿಸಿ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಬಿಡುತ್ತವೆ. ಅವುಗಳಿಂದ ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗಿ, ರಕ್ತ ಹೆಚ್ಚು ಹರಿದು, ಆ ಜಾಗ ಕೆಂಪಗಾಗಿ ಬಿಸಿಯೇರುತ್ತದೆ. ನಾಳದ ಗೋಡೆ ಸಡಿಲಗೊಂಡು ರಕ್ತದ ನೀರಿನಂಶ ಹೊರಗೆ ಜಿನುಗುವುದರಿಂದ ಬೆರಳು ಊದಿಕೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಆ ಸಂದುಗಳಿಂದ ನುಸುಳಿ ಬಂದು ರೋಗಾಣುಗಳನ್ನು ನುಂಗಿ ತಾವೂ ಸಾಯುತ್ತವೆ. ಉಗುರಿನ ಬುಡದ ಕೀವಿನಲ್ಲಿ ಬಹುಪಾಲು ಇರುವುದು ಈ ಸತ್ತ ಕಣಗಳೇ. ಆ ಒಂದು ರೋಗಾಣುವಿಗೆಂದೇ ಪ್ರತಿಕಾಯ (ಅದಕ್ಕೆ ಅಂಟಿಕೊಂಡು ತಡೆಯುವ ಪ್ರೋಟೀನು) ತಯಾರಾಗುವುದಕ್ಕೆ ದಿನಗಳು ಹಿಡಿಯುತ್ತವೆ; ಅಲ್ಲಿಯವರೆಗೆ ಹೋರಾಡುವುದು ಉರಿಯೂತವೇ.

ಅಷ್ಟೇ ಅಲ್ಲ, ರೋಗಾಣುವೇ ಇಲ್ಲದ ಕಡೆಯೂ ಅದು ಕಾಣಿಸಿಕೊಳ್ಳುತ್ತದೆ. ಗದ್ದೆಯ ಬದುವಿನಲ್ಲಿ ಜಾರಿ ಉಳುಕಿದ ಕಾಲು ಊದುವುದು ಯಾವ ನಂಜಿನಿಂದ? ರುಮಟಾಯ್ಡ್ ಸಂಧಿವಾತದಲ್ಲಿ ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. (ಈ ಕಾರಣಕ್ಕೆ ‘ರೋಗನಿರೋಧಕ ಶಕ್ತಿ’ಯಲ್ಲಿನ ‘ಶಕ್ತಿ’ಯೂ ನನಗೆ ಒಪ್ಪಿಗೆಯಾಗದು, ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ.) 1882ರಲ್ಲಿ ಇಟಲಿಯ ಮೆಸಿನಾದಲ್ಲಿ ರಷ್ಯದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗೆ ಚುಚ್ಚಿದ್ದು ಬರಿಯ ಮುಳ್ಳನ್ನು. ಮರುದಿನ ನೋಡಿದಾಗ ಆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ರೋಗಾಣುಗಳನ್ನು ಕೋಶಗಳು ನುಂಗುತ್ತವೆಂಬ ತಿಳಿವು ಬೆಳೆದದ್ದು ಅಲ್ಲಿಂದ. 1908ರಲ್ಲಿ ಅವರಿಗೆ ನೊಬೆಲ್ ಬಂದದ್ದೂ ರಕ್ಷಣಾ ವ್ಯವಸ್ಥೆಯ ಮೇಲಿನ ಕೆಲಸಕ್ಕೆ.

ಇಂಗ್ಲಿಷಿನ ನೆರಳು ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಗಾಯ ಉರಿಯುತ್ತದೆ, ಕಣ್ಣು ಉರಿಯುತ್ತದೆ ಎನ್ನಲು ಕನ್ನಡಿಗರಿಗೆ ಲ್ಯಾಟಿನ್ ಬೇಕಾಗಿರಲಿಲ್ಲ. ಮೊದಲನೆಯ ಶತಮಾನದ ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಉರಿಯೂತಕ್ಕೆ ಹೇಳಿದ ನಾಲ್ಕು ಲಕ್ಷಣಗಳು ಕೆಂಪು, ಊತ, ಬಿಸಿ ಮತ್ತು ನೋವು. ನಮ್ಮ ‘ಉರಿ’ಯಲ್ಲಿ ಬಿಸಿಯೂ ಇದೆ, ನೋವೂ ಇದೆ, ಊತ ಜೊತೆಗೇ ಇದೆ. ನಾಲ್ಕರಲ್ಲಿ ಮೂರನ್ನು ಹಿಡಿದಿಟ್ಟ ಪದ ಇದೊಂದೇ. ‘ಬಾವು’, ‘ಶೋಥ’ ಎರಡೂ ಊತಕ್ಕೆ ನಿಂತುಬಿಡುತ್ತವೆ.

ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ನಂಜು ಎಂದೊಡನೆ ನೆನಪಾಗುವುದು ಪಥ್ಯ. ಮೈಮೇಲೆ ಗಾಯವಿದ್ದರೆ ನಮ್ಮಜ್ಜಿ ಬದನೆಕಾಯಿಯ ಹೋಳನ್ನು ಹುಳಿಯಿಂದ ಎತ್ತಿ ಪಕ್ಕಕ್ಕಿಟ್ಟು ಬಡಿಸುತ್ತಿದ್ದರು. ಫಲಕದಲ್ಲಿ ‘ನಂಜು’ ಎಂದು ಓದಿದವರು ಬದನೆಕಾಯಿ ಬಿಟ್ಟು ಮನೆಯಲ್ಲೇ ಉಳಿದರೆ ಬೆರಳಿಗೆ ಅಪಾಯ. ಅರ್ಥವಾಗದು ಎಂಬುದೂ ದೊಡ್ಡ ಅಡ್ಡಿಯಲ್ಲ. ಹಳಗನ್ನಡದಲ್ಲಿ ಬರಿಯ ಮುಟ್ಟುವಿಕೆಯಾಗಿದ್ದ ‘ಸೋಂಕು’ 2020ರ ಕೊರೊನಾ ಕಾಲದಲ್ಲಿ ಮನೆಮನೆಯ ಮಾತಾಗಲಿಲ್ಲವೇ? ಉರಿಮೂತ್ರದ ಗೊಂದಲ ತಪ್ಪಿಸಲು ‘ಉರಿ-ಊತ’ ಎಂದು ಬಿಡಿಸಿ ಬರೆಯಬಹುದು.

ಮೊದಲು ಉತ್ತರಿಸಿದವರಿಂದ

ಸಮಾಸದ ನಡುವೆ ಸ್ವರಸಂಧಿಯನ್ನು ಬಿಡಿಸಿ ಗೆರೆ ಎಳೆಯುವುದು ಕನ್ನಡವಲ್ಲ, ಅಚ್ಚುಮೊಳೆಯವರ ಅನುಕೂಲ. ಉಳುಕಿದ ಕಾಲಿನ ಉದಾಹರಣೆಗೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿದ್ದೇನೆ. ಆದರೆ ‘ಪ್ರತಿಕಾಯ’, ‘ನ್ಯೂಟ್ರೊಫಿಲ್’ ಎಂದು ಸಂಸ್ಕೃತ, ಇಂಗ್ಲಿಷ್ ಎರಡು ಕಡೆಯಿಂದಲೂ ಕಡ ತಂದವರು ನನಗೆ ಜನರ ಅರ್ಥಗ್ರಹಣದ ಪಾಠ ಹೇಳುವುದು ಬೇಡ. ಕೀವಾದ ಗಾಯಕ್ಕಾದರೂ ‘ನಂಜಾದ ಗಾಯ’ ಎಂದು ಬರೆಯಿರಿ. ಆ ಹೆಣ್ಣುಮಗಳು ತಪ್ಪು ಹೇಳಿಲ್ಲ.

ಮಂಡ್ಯದಿಂದ

ಇಬ್ಬರಿಗೂ ವಂದನೆಗಳು. ಗೆರೆಯನ್ನು ಕೈಬಿಟ್ಟಿದ್ದೇನೆ. ಪ್ರತಿಕಾಯ, ನ್ಯೂಟ್ರೊಫಿಲ್ ಎರಡೂ ಫಲಕದಲ್ಲಿ ಇಲ್ಲ, ‘ಬಿಳಿ ರಕ್ತಕಣ’ ಸಾಕಾಯಿತು. ಅಂಗಡಿಗೆ ಕೊಡುವ ಸಾಲುಗಳು ಹೀಗಿವೆ:

‘ಗಾಯದೊಳಗೆ ರೋಗಾಣು ಸೇರಿದರೆ ಸೋಂಕು. ಅದನ್ನು ಎದುರಿಸಲು ಮೈ ಆ ಜಾಗಕ್ಕೆ ಹೆಚ್ಚು ರಕ್ತವನ್ನೂ ಬಿಳಿ ರಕ್ತಕಣಗಳನ್ನೂ ಕಳುಹಿಸುತ್ತದೆ. ಆಗ ಗಾಯ ಕೆಂಪಗಾಗಿ, ಬಿಸಿಯಾಗಿ, ಉರಿದು, ಊದಿಕೊಳ್ಳುತ್ತದೆ. ಇದೇ ಉರಿಯೂತ. ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ, ಕೀವು ತುಂಬಿ ಗಾಯ ನಂಜಾದರೆ ತಡಮಾಡದೆ ಒಳಗೆ ಬಂದು ತೋರಿಸಿ.’