ಕಡಲಿಗಿಳಿಯುವ ಹಳೆಯ ಪವರ್‌ಬೋಟ್: ಮಲೆನಾಡಿನವರು ಕೊಳ್ಳಬಹುದೇ?

ಮೂಡಿಗೆರೆ ತೋಟದವ (ಪ್ರಶ್ನೆ):

ಮಂಗಳೂರಿನಲ್ಲಿ ಮಾರಾಟಕ್ಕಿರುವ ಹಳೆಯ ಪವರ್‌ಬೋಟ್ ಒಂದನ್ನು ನಾವು ಮೂವರು ಸ್ನೇಹಿತರು ಪಾಲಿನಲ್ಲಿ ಕೊಳ್ಳಬೇಕೆಂದಿದ್ದೇವೆ. ಸುಮಾರು 28 ಅಡಿ ಉದ್ದದ ಫೈಬರ್ ದೋಣಿ. ತಳ ಆಳವಾದ ‘ವಿ’ ಆಕಾರದಲ್ಲಿದೆ. ಹಿಂದೆ ತಲಾ 200 ಅಶ್ವಶಕ್ತಿಯ ಎರಡು ಪೆಟ್ರೋಲ್ ಔಟ್‌ಬೋರ್ಡ್ (ದೋಣಿಯ ಹೊರಗೆ ತೂಗುವ) ಎಂಜಿನ್‌ಗಳಿವೆ. ಗಾಳ ಹಾಕುವುದು, ಮನೆಯವರನ್ನು ಕರೆದುಕೊಂಡು ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಕ್ಕೆ, ಆಗಾಗ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೂ ಹೋಗಿಬರುವುದು ನಮ್ಮ ಆಸೆ. ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿದ್ದರಿಂದ ಕೊಳ್ಳುವ ಹಣಕ್ಕೆ ತೊಂದರೆಯಿಲ್ಲ. ಕೊಂಡ ಮೇಲಿನ ಲಾಭ ನಷ್ಟಗಳನ್ನು ಬಲ್ಲವರು ತಿಳಿಸಬೇಕು.

ಹಾಸನದ ನಿವೃತ್ತ ಹಡಗು ಎಂಜಿನಿಯರ್:

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಅಮೆರಿಕದ ರೇ ಹಂಟ್ ವಿನ್ಯಾಸಗೊಳಿಸಿದ ಆಳ ‘ವಿ’ ತಳದ ದೋಣಿಯು 1960ರಲ್ಲಿ ಮಯಾಮಿಯಿಂದ ಬಹಾಮಾಸ್‌ನ ನಸ್ಸಾವ್‌ವರೆಗಿನ ಪಂದ್ಯವನ್ನು ಪ್ರಕ್ಷುಬ್ಧ ಕಡಲಿನಲ್ಲಿ ಗೆದ್ದಂದಿನಿಂದ, ತೆರೆದ ಸಮುದ್ರಕ್ಕೆ ಈ ಆಕಾರವೇ ತಕ್ಕುದೆಂಬ ಅಭಿಪ್ರಾಯ ಬೇರೂರಿತು. ಅದು ಅಲೆಯ ಮೇಲೆ ಬಡಿದು ಬೀಳದೆ ಅದನ್ನು ಸೀಳಿಕೊಂಡು ಸಾಗುತ್ತದೆ. ಆದರೆ ಅದೇ ದೋಣಿ ನಿಂತಲ್ಲಿ ಹೆಚ್ಚು ಹೊಯ್ದಾಡುತ್ತದೆ. ಗಾಳ ಹಾಕಿ ಗಂಟೆಗಟ್ಟಲೆ ಕೂರುವ ಉದ್ದೇಶವಿದ್ದರೆ, ಮನೆಯವರಲ್ಲಿ ಯಾರಿಗೆ ಘಟ್ಟದ ತಿರುವುಗಳಲ್ಲಿ ವಾಂತಿಯಾಗುತ್ತದೆಯೋ ಅವರನ್ನು ಮೊದಲು ಕೇಳಿ ನೋಡಿ.

ಫೈಬರ್ ಒಡಲು ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಹಳೆಯದನ್ನು ಕೊಳ್ಳಲು ಇರುವ ನಿಜವಾದ ಸಮರ್ಥನೆ ಇದೇ. ಅಪಾಯ ಇರುವುದು ಕಣ್ಣಿಗೆ ಕಾಣದ ಕಡೆ. ಎಂಜಿನ್‌ಗಳು ತೂಗುವ ಹಿಂಗೋಡೆಯಾದ ಟ್ರಾನ್ಸಮ್‌ನ ಒಳಗೆ ಹಳೆಯ ದೋಣಿಗಳಲ್ಲಿ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತುಗಳಿಂದ ನೀರು ಇಳಿದು ಅದು ಕೊಳೆತಿದ್ದರೆ, ಹೊರಗಿನ ಬಣ್ಣ ಎಷ್ಟೇ ಹೊಳೆದರೂ ಪ್ರಯೋಜನವಿಲ್ಲ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಜಾಗ ಟಣ್ಣೆನ್ನುತ್ತದೆ, ಕೊಳೆತ ಜಾಗ ಮಂದವಾಗಿ ಸದ್ದು ಮಾಡುತ್ತದೆ; ತೇವಾಂಶ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳಿತು. ಪ್ರತಿ ಸಿಲಿಂಡರಿನ ಕಂಪ್ರೆಶನ್ (ಒಳಗಿನ ಒತ್ತಡ) ಅಳೆಸಿ. ಒಂದರ ಅಳತೆ ಉಳಿದವುಗಳಿಗಿಂತ ಬಹಳ ಕಡಿಮೆ ಬಂದರೆ ಆ ಎಂಜಿನ್‌ಗೆ ಬೆಲೆಯೇ ಇಲ್ಲವೆಂದು ಲೆಕ್ಕ ಹಾಕಿ.

ಇನ್ನೊಂದು ಮಾತನ್ನು ಮಾರುವವರು ಸಾಮಾನ್ಯವಾಗಿ ಎತ್ತುವುದಿಲ್ಲ. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಪ್ರಮುಖ ಔಟ್‌ಬೋರ್ಡ್ ತಯಾರಕರು ಒಪ್ಪುವುದು ಶೇ. 10ರವರೆಗೆ ಮಾತ್ರ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರಿನೊಡನೆ ಸೇರಿ ತಳಕ್ಕಿಳಿಯುತ್ತದೆ. ಪೆಟ್ರೋಲ್ ತುಂಬಿಟ್ಟು ಮರೆತ ಕಳೆ ಕತ್ತರಿಸುವ ಯಂತ್ರ ಮರುವರ್ಷ ಸ್ಟಾರ್ಟ್ ಆಗದ ಅನುಭವ ನಿಮ್ಮ ತೋಟದಲ್ಲೇ ಇರಬಹುದು.

ಚಿಕ್ಕಮಗಳೂರಿನ ಬೆಳೆಗಾರ:

ದೋಣಿಯ ಗುಣಾವಗುಣಗಳಿಗಿಂತ ಮೊದಲು ನಮ್ಮ ಪಂಚಾಂಗವನ್ನು ನೋಡಬೇಕು. ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ನಮ್ಮದು ಮೋಜಿನ ದೋಣಿ ಎಂದರೂ ಆ ಅಲೆಗಳಿಗೆ ಅದು ಗೊತ್ತಾಗುವುದಿಲ್ಲ, ಆಗಸ್ಟ್, ಸೆಪ್ಟೆಂಬರಿನಲ್ಲೂ ಕಡಲು ಪೂರ್ತಿ ನಂಬುವಂತಿರುವುದಿಲ್ಲ. ಕಡಲು ಶಾಂತವಾಗಿರುವ ನವೆಂಬರಿನಿಂದ ಜನವರಿವರೆಗೆ ನಾವು ಅರೇಬಿಕಾ ಕುಯ್ಲಿನಲ್ಲಿರುತ್ತೇವೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಮೆಣಸಿನ ಕುಯ್ಲು, ಕಣದ ಕಾವಲು, ಆಮೇಲೆ ಹೂವಿಗಾಗಿ ಸ್ಪ್ರಿಂಕ್ಲರ್. ನಮಗೆ ಸ್ವಲ್ಪ ಬಿಡುವಾಗುವ ಮಳೆಗಾಲದಲ್ಲಿ ಕಡಲಿನ ಬಾಗಿಲು ಮುಚ್ಚಿರುತ್ತದೆ. ಏಪ್ರಿಲ್, ಮೇ ತಿಂಗಳ ಕೆಲವು ಭಾನುವಾರಗಳಿಗಾಗಿ ವರ್ಷವಿಡೀ ನಿಲ್ಲಿಸುವ ಬಾಡಿಗೆ, ಕಾವಲು, ಸರ್ವೀಸ್ ಭರಿಸಲು ಒಪ್ಪಿಗೆಯಿದ್ದರೆ ಮುಂದುವರಿಯಿರಿ. ಮೂವರೂ ಬೆಳೆಗಾರರೇ ಆಗಿದ್ದರೆ ಪಾಲುಗಾರಿಕೆಯ ಅನುಕೂಲವೂ ಇಲ್ಲ, ಏಕೆಂದರೆ ಮೂವರಿಗೂ ಬಿಡುವಾಗುವುದು ಒಂದೇ ವಾರ.

ಹಾಸನದವ, ಈಗ ಮಂಗಳೂರಿನಲ್ಲಿ ವಾಸ:

ನೇತ್ರಾಣಿಯ ಬಗ್ಗೆ ಒಂದು ಲೆಕ್ಕ. ಮಂಗಳೂರಿನಿಂದ ಅದು ಸಮುದ್ರಮಾರ್ಗದಲ್ಲಿ ಸುಮಾರು 140 ಕಿಲೋಮೀಟರ್. 25 ನಾಟ್ (ಗಂಟೆಗೆ ಸುಮಾರು 46 ಕಿಲೋಮೀಟರ್) ವೇಗದಲ್ಲಿ ಮೂರು ಗಂಟೆಯ ದಾರಿ. ಎರಡೂ ಎಂಜಿನ್ ಸೇರಿ ಗಂಟೆಗೆ 80 ಲೀಟರ್ ಎಂದು ಸೌಮ್ಯವಾಗಿ ಹಿಡಿದರೂ ಹೋಗಿಬರಲು 480 ಲೀಟರ್ ಬೇಕು. ಹೋಗಲು ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು ಎಂಬ ನಾವಿಕರ ನಿಯಮದಂತೆ ಟ್ಯಾಂಕಿನಲ್ಲಿ 720 ಲೀಟರ್ ಹಿಡಿಸಬೇಕು. ನೇತ್ರಾಣಿಯನ್ನೇ ನೋಡಬೇಕಾದರೆ ಮುರ್ಡೇಶ್ವರಕ್ಕೆ ಕಾರಿನಲ್ಲಿ ಹೋಗಿ ಅಲ್ಲಿಯ ಬಾಡಿಗೆ ದೋಣಿ ಹತ್ತುವುದೇ ಜಾಣತನ.

ಹಳೆ ಬಂದರಿನ ಧಕ್ಕೆಯಿಂದ ಹೊರಡುವುದಾದರೆ ನದಿ ಕಡಲನ್ನು ಸೇರುವ ಅಳಿವೆ ಬಾಗಿಲು ದಾಟಬೇಕು. ಅಲ್ಲಿ ಮರಳ ದಿಬ್ಬ ಸರಿಯುತ್ತಿರುತ್ತದೆ. ಅನುಭವಿ ಮೀನುಗಾರರ ಬೋಟುಗಳೇ ಅಪಘಾತಕ್ಕೀಡಾದ ಜಾಗ ಅದು. ದೋಣಿ ನಡೆಸಬಲ್ಲ ಸ್ಥಳೀಯ ತಾಂಡೇಲರೊಬ್ಬರಿಲ್ಲದೆ ಹೊರಡಬೇಡಿ, ಅವರ ಸಂಬಳವನ್ನೂ ಖರ್ಚಿಗೆ ಸೇರಿಸಿ. ಕಾಗದಪತ್ರಗಳಲ್ಲಿ ದೋಣಿಯ ನೋಂದಣಿ, ವಿಮೆ, ಎಂಜಿನ್ ಸಂಖ್ಯೆಗಳು ಪರಸ್ಪರ ಹೊಂದಿಕೆಯಾಗಬೇಕು. 2008ರ ಮುಂಬೈ ದಾಳಿಕೋರರು ಅಪಹರಿಸಿದ ಮೀನುಗಾರಿಕಾ ದೋಣಿಯಲ್ಲಿ ಬಂದ ನಂತರ ಕರಾವಳಿಯಲ್ಲಿ ತಪಾಸಣೆ ಬಿಗಿಯಾಗಿದೆ, ‘ಆಮೇಲೆ ಹೆಸರಿಗೆ ಮಾಡಿಸಿಕೊಳ್ಳೋಣ’ ಎಂಬ ಮಾತು ನಡೆಯುವುದಿಲ್ಲ.

ಮೂಡಿಗೆರೆ ತೋಟದವ:

ಎಲ್ಲರಿಗೂ ಧನ್ಯವಾದಗಳು. ನೇತ್ರಾಣಿಯನ್ನು ಕೈಬಿಟ್ಟೆವು. ಮೂವರಲ್ಲಿ ಒಬ್ಬರು ಉಡುಪಿಯಲ್ಲಿ ವ್ಯಾಪಾರ ಮಾಡುವವರು, ಅವರಿಗೆ ಕುಯ್ಲಿನ ತೊಡಕಿಲ್ಲ. ಆದ್ದರಿಂದ ದೋಣಿಯನ್ನು ಮಲ್ಪೆಯಲ್ಲಿಟ್ಟು ಅವರೇ ನೋಡಿಕೊಳ್ಳುವುದಾದರೆ ಮಾತ್ರ ಮುಂದುವರಿಯುವ ಯೋಚನೆಯಿದೆ. ಪರೀಕ್ಷೆಗೆ ಮಾರುವವರೇ ತಮ್ಮ ಮೆಕ್ಯಾನಿಕ್ಕನ್ನು ಕಳಿಸುತ್ತೇವೆನ್ನುತ್ತಿದ್ದಾರೆ. ಒಪ್ಪಬಹುದೇ?

ಹಾಸನದ ನಿವೃತ್ತ ಹಡಗು ಎಂಜಿನಿಯರ್:

ಒಪ್ಪಬೇಡಿ. ನೀವೇ ಹಣ ಕೊಟ್ಟು ದೋಣಿ ಪರೀಕ್ಷಿಸುವ ಬೇರೆ ಸರ್ವೇಯರನ್ನು ಕರೆಸಿ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ತಳ ನೋಡಿದ ಬಳಿಕ ಮತ್ತೆ ನೀರಿಗಿಳಿಸಿ, ಎಂಜಿನ್ ತಣ್ಣಗಿರುವಾಗಲೇ ನಿಮ್ಮ ಎದುರಿಗೆ ಸ್ಟಾರ್ಟ್ ಮಾಡಿಸಿ ಕಡಲಿನಲ್ಲಿ ಒಂದು ಗಂಟೆಯಾದರೂ ಓಡಿಸಿ. ನೀವು ತಲುಪುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ತಣ್ಣಗಿರುವಾಗ ಸ್ಟಾರ್ಟ್ ಆಗದ ದೋಷ ಮುಚ್ಚಿಹೋಗುತ್ತದೆ; ಆ ದಿನದ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.