ಡೊಂಬಿವಲಿಯಿಂದ ನಾಲ್ಕು ದಿನ ಮುಂಬೈ: ಕ್ಯಾಬ್ ಇಲ್ಲದೆ, ಕಸ ಹೆಚ್ಚಿಸದೆ ಸುತ್ತುವುದು ಹೇಗೆ?

ಪ್ರಶ್ನೆ (ಡೊಂಬಿವಲಿ ಪೂರ್ವ)

ಡಿಸೆಂಬರ್ ರಜೆಗೆ ಹುಬ್ಬಳ್ಳಿಯಿಂದ ನೆಂಟರು ಬರುತ್ತಿದ್ದಾರೆ. ಒಟ್ಟು ಆರು ಜನ. ಇಬ್ಬರಿಗೆ 65 ದಾಟಿದೆ, ಇಬ್ಬರು ಶಾಲೆಗೆ ಹೋಗುವ ಮಕ್ಕಳು. ಶುಕ್ರವಾರದಿಂದ ಸೋಮವಾರದವರೆಗೆ ಇರುತ್ತಾರೆ. ಕ್ಯಾಬ್ ಹಿಡಿಯುವುದಿಲ್ಲ, ನೀರಿನ ಬಾಟಲಿ ಕೊಳ್ಳುವುದಿಲ್ಲ, ಇಷ್ಟು ಖಚಿತ. ಕಾನ್ಹೇರಿ ಗುಹೆಗಳು, ಫೋರ್ಟ್, ಎಲಿಫೆಂಟಾ ದ್ವೀಪ, ಮಾಟುಂಗಾ, ಸಾಧ್ಯವಾದರೆ ಫ್ಲೆಮಿಂಗೊ ನೋಡಬೇಕು. ಯಾವ ದಿನ ಯಾವುದು? ಹಿರಿಯರನ್ನು ಲೋಕಲ್‌ನಲ್ಲಿ ಕರೆದೊಯ್ಯಬಹುದೇ?

ಉತ್ತರ 1 (ಠಾಣೆ)

ಖಂಡಿತ ಕರೆದೊಯ್ಯಬಹುದು, ಹೊತ್ತು ನೋಡಿಕೊಂಡು ಹೊರಡಬೇಕು ಅಷ್ಟೆ. ಡೊಂಬಿವಲಿಯಿಂದ ಮುಂಬೈ ಕಡೆಗೆ ಬೆಳಿಗ್ಗೆ ಎಂಟರಿಂದ ಹನ್ನೊಂದು, ವಾಪಸ್ ಬರುವಾಗ ಸಂಜೆ ಐದೂವರೆಯಿಂದ ಒಂಬತ್ತು, ಈ ಎರಡು ಹೊತ್ತು ಬಿಟ್ಟುಬಿಡಿ. ಕಲ್ಯಾಣದಿಂದ ಬರುವ ಫಾಸ್ಟ್ (ಕೆಲವೇ ಸ್ಟೇಷನ್ನುಗಳಲ್ಲಿ ನಿಲ್ಲುವ ಲೋಕಲ್) ಡೊಂಬಿವಲಿಗೆ ಬರುವಷ್ಟರಲ್ಲೇ ತುಂಬಿರುತ್ತದೆ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್‌ಗಳಿವೆ, ಹಿರಿಯರಿದ್ದಾಗ ಅದಕ್ಕೇ ಕಾಯಿರಿ, ಸೀಟು ಸಿಗುತ್ತದೆ. ಜಾಗ ಖಾಲಿ ಇದೆ ಎಂದು ದಿವ್ಯಾಂಗರ ಬೋಗಿ ಹತ್ತಬೇಡಿ. ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ಅವಕಾಶವಿಲ್ಲ, ದಂಡ ಬೀಳುತ್ತದೆ.

ಟಿಕೆಟ್ ಮೊಬೈಲ್‌ನಲ್ಲಿ ತೆಗೆಯುವುದಾದರೆ ಸ್ಟೇಷನ್ನಿನ ಹೊರಗೇ ತೆಗೆಯಿರಿ. ಪ್ಲಾಟ್‌ಫಾರ್ಮ್ ಮೇಲೆ ನಿಂತು ತೆಗೆಯಲು ಹೋದರೆ ಆ್ಯಪ್ ಬಿಡುವುದಿಲ್ಲ. ಒಂದು ಟಿಕೆಟ್‌ನಲ್ಲಿ ನಾಲ್ಕೇ ಜನ, ಆದ್ದರಿಂದ ನಿಮಗೆ ಎರಡು ಬೇಕು. ತೆಗೆದ ಒಂದು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. 1, 3, 5 ದಿನಗಳ ಟೂರಿಸ್ಟ್ ಟಿಕೆಟ್ ಕೌಂಟರಿನಲ್ಲಿ ಸಿಗುತ್ತದೆ, ಆದರೆ ದಿನಕ್ಕೊಂದು ಕಡೆ ಹೋಗಿ ಬರುವವರಿಗೆ ಬಿಡಿ ಟಿಕೆಟ್ಟೇ ಅಗ್ಗ.

ಎಲಿಫೆಂಟಾ, ಕಾನ್ಹೇರಿ ಎರಡಕ್ಕೂ ಸೋಮವಾರ ರಜೆ. ಭಾನುವಾರ ಮೆಗಾಬ್ಲಾಕ್: ಸುಮಾರು ಹನ್ನೊಂದರಿಂದ ನಾಲ್ಕರವರೆಗೆ ಹಳಿ ಕೆಲಸಕ್ಕಾಗಿ ಸ್ಲೋ ಗಾಡಿಯನ್ನು ಫಾಸ್ಟ್ ಹಳಿಗೋ ಫಾಸ್ಟ್ ಗಾಡಿಯನ್ನು ಸ್ಲೋ ಹಳಿಗೋ ತಿರುಗಿಸುತ್ತಾರೆ. ಸಣ್ಣ ಸ್ಟೇಷನ್ನುಗಳಲ್ಲಿ ಗಾಡಿ ನಿಲ್ಲದೆ ಹೋಗಬಹುದು. ಯಾವ ಭಾಗದಲ್ಲಿ ಬ್ಲಾಕ್ ಎಂಬುದು ಶನಿವಾರದ ಪತ್ರಿಕೆಯಲ್ಲಿ ಬರುತ್ತದೆ.

ನನ್ನ ಲೆಕ್ಕ ಹೀಗೆ. ಶುಕ್ರವಾರ ಫ್ಲೆಮಿಂಗೊ ನೋಡಲು ಐರೋಲಿ, ಶನಿವಾರ ಕಾನ್ಹೇರಿ. ಭಾನುವಾರ ಫೋರ್ಟ್, ಕಚೇರಿಗಳಿಗೆ ರಜೆಯಾದ್ದರಿಂದ ರಸ್ತೆ ಶಾಂತ. ಬೆಳಿಗ್ಗೆ ಏಳಕ್ಕೆ ಹೊರಟು ನಾಲ್ಕರ ನಂತರ ಹಿಂತಿರುಗಿ. ಸೋಮವಾರ ಮಾಟುಂಗಾ. ನೆಂಟರ ಗಾಡಿ ಪುಣೆ ಮೇಲೆ ಬರುವುದಾದರೆ ಕಲ್ಯಾಣದಲ್ಲೇ ಇಳಿಯಲು ಹೇಳಿ, ದಾದರ್‌ವರೆಗೆ ಹೋಗಿ ತಿರುಗಿ ಬರುವುದು ವ್ಯರ್ಥ.

ಉತ್ತರ 2 (ಬೋರಿವಲಿ)

ಕಾನ್ಹೇರಿಗೆ ದಾದರ್ ಮೇಲೆ ಬರಬೇಡಿ. ಡೊಂಬಿವಲಿಯಿಂದ ಫಾಸ್ಟ್ ಹಿಡಿದು ಘಾಟ್‌ಕೋಪರ್, ಅಲ್ಲಿಂದ ಮೆಟ್ರೋ 1ರಲ್ಲಿ ಅಂಧೇರಿ, ಆಮೇಲೆ ಪಶ್ಚಿಮ ರೈಲ್ವೆಯಲ್ಲಿ ಬೋರಿವಲಿ. ಮೆಟ್ರೋ ಇಪ್ಪತ್ತು ನಿಮಿಷವೂ ಇಲ್ಲ, ದಾದರ್ ಸೇತುವೆಯ ನೂಕುನುಗ್ಗಲು ತಪ್ಪುತ್ತದೆ. ಬೋರಿವಲಿ ಪೂರ್ವಕ್ಕೆ ಇಳಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು ನಡೆದು ಹೋಗುವ ದೂರ.

ಗೇಟಿನಿಂದ ಗುಹೆಗಳಿಗೆ ಆರು ಕಿಲೋಮೀಟರಿಗೂ ಹೆಚ್ಚು. ಒಳಗೆ ಬಾಡಿಗೆ ಸೈಕಲ್ ಸಿಗುತ್ತದೆ, ಆದರೆ ಹೋಗುವ ದಾರಿ ಏರು, ಸೈಕಲ್‌ಗಳಿಗೆ ಗೇರ್ ಇರುವುದು ಅಪರೂಪ. ಬರುವಾಗ ಪೂರ್ತಿ ಇಳಿಜಾರು, ಹಾಗಾಗಿ ತೆಗೆದುಕೊಳ್ಳುವಾಗಲೇ ಎರಡೂ ಬ್ರೇಕ್ ಒತ್ತಿ ನೋಡಿ. ಹಿರಿಯರಿಗೆ, ಮಕ್ಕಳಿಗೆ ಉದ್ಯಾನದ ಬಸ್ಸೇ ಸರಿ. ವಾಪಸ್ ಕೊನೆಯ ಬಸ್ ಎಷ್ಟಕ್ಕೆ ಎಂದು ಹತ್ತುವಾಗಲೇ ಕೇಳಿಕೊಳ್ಳಿ. ಉದ್ಯಾನದ ಟಿಕೆಟ್ ಬೇರೆ, ಗುಹೆಗಳ ಟಿಕೆಟ್ ಬೇರೆ.

ನೂರಕ್ಕೂ ಹೆಚ್ಚು ಗುಹೆಗಳಿವೆ. ಹೆಚ್ಚಿನವರು ದೊಡ್ಡ ಚೈತ್ಯದ (ಬೌದ್ಧ ಪ್ರಾರ್ಥನಾ ಗುಹೆ) ಮುಂದೆ ಫೋಟೋ ತೆಗೆದು ಇಳಿದುಬಿಡುತ್ತಾರೆ. ನೀವು ಮಕ್ಕಳಿಗೆ ನೀರಿನ ವ್ಯವಸ್ಥೆ ತೋರಿಸಿ. ಗುಹೆಯ ಮೇಲಿನ ಬಂಡೆಯಲ್ಲಿ ಸಣ್ಣ ಕಾಲುವೆ ಕೊರೆದಿದ್ದಾರೆ. ಮಳೆನೀರು ಅದರಲ್ಲಿ ಹರಿದು ಗುಹೆಯ ಪಕ್ಕದ ತೊಟ್ಟಿಗೆ ಬೀಳುತ್ತದೆ. ಬಾಯಿ ಕಿರಿದು, ಒಳಗೆ ವಿಶಾಲ, ಆದ್ದರಿಂದ ಬಿಸಿಲು ತಾಗುವುದು ಕಡಿಮೆ, ಆವಿಯಾಗುವುದೂ ಕಡಿಮೆ. ಭಿಕ್ಷುಗಳು ವಾಸಿಸುತ್ತಿದ್ದ ಒಂದೊಂದು ಗುಹೆಗೂ ಇಂಥ ತೊಟ್ಟಿ ಇರುವುದು ಸಾಮಾನ್ಯ. ಬಾಟಲಿ ನೀರು ಏಕೆ ಬೇಡ ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಮುಂಬೈಯಲ್ಲಿಲ್ಲ. ಇನ್ನೊಂದು ಮಾತು: ಇಲ್ಲಿನ 9ನೆಯ ಶತಮಾನದ ಶಾಸನಗಳಲ್ಲಿ ನಮ್ಮ ನೃಪತುಂಗ ಅಮೋಘವರ್ಷನ ಹೆಸರಿದೆ, ಅವನ ಸಾಮಂತರಾದ ಕೊಂಕಣದ ಶಿಲಾಹಾರರ ಕಾಲದವು. ಮಳಖೇಡದ ಆಳ್ವಿಕೆ ಇಲ್ಲಿಯವರೆಗೆ ಚಾಚಿತ್ತು ಎಂದು ನೆಂಟರಿಗೆ ಹೇಳಲೇಬೇಕು.

ತಲೆಗೊಂದು ಲೀಟರಿನ ಸ್ಟೀಲ್ ಬಾಟಲಿ, ಮೇಲೆ ಹತ್ತುವ ಮುಂಚೆ ತುಂಬಿರಲಿ. ತಿಂಡಿ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ, ಚೀಲದೊಳಗೆ. ಕೈಯಲ್ಲಿ ಹಿಡಿದರೆ ಮಂಗಗಳು ಕಸಿದುಕೊಳ್ಳುತ್ತವೆ, ಆ ಪೊಟ್ಟಣ ಕಾಡಿನಲ್ಲೇ ಉಳಿಯುತ್ತದೆ.

ಉತ್ತರ 3 (ಮಾಟುಂಗಾ)

ಮೊದಲನೆಯ ಉತ್ತರದಲ್ಲಿ ಒಂದು ತಿದ್ದುಪಡಿ. ಮಾಟುಂಗಾವನ್ನು ಸೋಮವಾರಕ್ಕೆ ಇಡಬೇಡಿ, ಇಲ್ಲಿನ ಹೆಸರಾಂತ ಹಳೆಯ ಉಡುಪಿ ಹೋಟೆಲುಗಳಲ್ಲಿ ಕೆಲವಕ್ಕೆ ಅಂದೇ ವಾರದ ರಜೆ. ಶನಿವಾರ ಕಾನ್ಹೇರಿಯಿಂದ ಹಿಂತಿರುಗುವಾಗಲೇ ಬನ್ನಿ. ಬೋರಿವಲಿಯಿಂದ ಸ್ಲೋ ಹಿಡಿದು ಮಾಟುಂಗಾ ರೋಡ್‌ನಲ್ಲಿ ಇಳಿಯಿರಿ. ಅದು ಪಶ್ಚಿಮ ರೈಲ್ವೆಯದು, ಮಾಟುಂಗಾ ಮಧ್ಯ ರೈಲ್ವೆಯದು, ಕಿಂಗ್ಸ್ ಸರ್ಕಲ್ ಹಾರ್ಬರ್ ಮಾರ್ಗದ್ದು. ಹೊಸಬರು ಈ ಮೂರನ್ನು ಕಲಸಿಕೊಂಡು ಪರದಾಡುತ್ತಾರೆ. ಕಾಲುಸೇತುವೆ ದಾಟಿ ಪೂರ್ವಕ್ಕೆ ನಡೆದರೆ ಹೂವಿನ ಅಂಗಡಿ, ಫಿಲ್ಟರ್ ಕಾಫಿ ಪುಡಿ, ದೋಸೆ ಎಲ್ಲ ಒಂದೇ ಕೇರಿಯಲ್ಲಿ. ಮಧ್ಯಾಹ್ನದ ಬಾಳೆಎಲೆ ಊಟಕ್ಕೆ ಹೊತ್ತಾಗಿದ್ದರೆ ತಿಂಡಿ ಸಾಕು. ಬಾಟಲಿಗೆ ನೀರು ಕೇಳಿ, ತುಂಬಿಕೊಡುತ್ತಾರೆ. ಪಾರ್ಸೆಲ್‌ಗೆ ನಿಮ್ಮ ಡಬ್ಬಿ ಕೊಡಿ, ಸಾಂಬಾರಿಗೆ ಬೇರೆ ಡಬ್ಬಿ ಮರೆಯಬೇಡಿ, ಪ್ಲಾಸ್ಟಿಕ್ ಪೊಟ್ಟಣ ಬರುವುದು ಅದಕ್ಕೇ. ಮನೆಗೆ ಮಾಟುಂಗಾದಿಂದ ಸ್ಲೋ ಲೋಕಲ್, ಇಲ್ಲಿ ಫಾಸ್ಟ್ ನಿಲ್ಲುವುದಿಲ್ಲ.

ಸೋಮವಾರ ಹನ್ನೊಂದರ ಮೇಲೆ ಭಾಯಖಳಾಗೆ (ಬೈಕಲಾ) ಹೊರಡಿ, ಅಲ್ಲಿ ಫಾಸ್ಟ್ ನಿಲ್ಲುತ್ತದೆ. ಪೂರ್ವಕ್ಕೆ ಇಳಿದು ನಡೆದರೆ ರಾಣಿಬಾಗ್ ಮೃಗಾಲಯ, ಪಕ್ಕದಲ್ಲೇ ಭಾವು ದಾಜಿ ಲಾಡ್ ಮ್ಯೂಸಿಯಂ. ಇವೆರಡಕ್ಕೂ ರಜೆ ಬುಧವಾರ. ಎಲಿಫೆಂಟಾ ದ್ವೀಪಕ್ಕೆ ಆ ಹೆಸರು ಬರಲು ಕಾರಣವಾದ ಕಲ್ಲಿನ ಆನೆ ಈಗ ನಿಂತಿರುವುದು ಇಲ್ಲಿಯೇ. ನಾಲ್ಕೂವರೆಗೆ ಗಾಡಿ ಹತ್ತಿಬಿಡಿ.

ಪ್ರಶ್ನೆ ಕೇಳಿದವರು

ಹಾಗಾದರೆ ಎಲಿಫೆಂಟಾ ಕೈಬಿಡುವುದೇ? ಐರೋಲಿಗೆ ಎಷ್ಟು ಹೊತ್ತಿಗೆ ಹೋಗಬೇಕು?

ಉತ್ತರ 1 (ಠಾಣೆ)

ಮಾಟುಂಗಾ ತಿದ್ದುಪಡಿ ಸರಿ, ಹಾಗೇ ಮಾಡಿ. ಎಲಿಫೆಂಟಾ ಈ ಸಲ ಬಿಡಿ ಎಂದೇ ನನ್ನ ಸಲಹೆ. ಗೇಟ್‌ವೇಯಿಂದ ಒಂದು ಗಂಟೆ ಡೀಸೆಲ್ ಬೋಟ್, ಇಳಿದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು, ಭಾನುವಾರದ ಜನಸಂದಣಿ. ಅದರ ಬದಲು ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಹುತಾತ್ಮ ಚೌಕ, ಕಾಲಾ ಘೋಡಾ, ಓವಲ್ ಮೈದಾನ, ಮರೀನ್ ಡ್ರೈವ್ ಎಂದು ನಡೆಯಿರಿ. ಓವಲ್‌ನ ಒಂದು ಬದಿಗೆ ರಾಜಾಬಾಯಿ ಗೋಪುರ, ಎದುರು ಬದಿಗೆ ಆರ್ಟ್ ಡೆಕೊ ಮನೆಗಳು, 2018ರಲ್ಲಿ ಎರಡೂ ಸೇರಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ಕಾಲು ಸೋತವರಿಗೆ ಬೆಸ್ಟ್‌ನ (ಮುಂಬೈ ನಗರ ಸಾರಿಗೆ) ವಿದ್ಯುತ್ ಡಬಲ್ ಡೆಕ್ಕರ್ ಬಸ್ ಇದೆ, ಸಿಎಸ್‌ಎಂಟಿಯಿಂದ 115 ನಂಬರ್.

ಐರೋಲಿಗೆ ಠಾಣೆಯಲ್ಲಿ ಗಾಡಿ ಬದಲಿಸಿ ಟ್ರಾನ್ಸ್ ಹಾರ್ಬರ್ ಹಿಡಿಯಿರಿ. ಫ್ಲೆಮಿಂಗೊ ಬೋಟ್ ಹೊರಡುವುದು ಕಡಲಿನ ಉಬ್ಬರ ನೋಡಿ. ನೀರು ಇಳಿದರೆ ಖಾರಿಯ ಕೆಸರಿನಲ್ಲಿ ಬೋಟ್ ಸಾಗುವುದಿಲ್ಲ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಹೋದ ವಾರ ಹೋದವರ ಸಮಯ ನಿಮಗೆ ಆಗದು. ಅರಣ್ಯ ಇಲಾಖೆಯ ಕೇಂದ್ರದಲ್ಲಿ ಆ ದಿನದ ವೇಳೆ ಕೇಳಿ ಸೀಟು ಕಾದಿರಿಸಿ. ಡಿಸೆಂಬರಿನಲ್ಲಿ ಹಕ್ಕಿಗಳು ಇನ್ನೂ ಬರುತ್ತಿರುತ್ತವೆ, ದೊಡ್ಡ ಹಿಂಡು ನೋಡಬೇಕೆಂದರೆ ಫೆಬ್ರವರಿ, ಮಾರ್ಚ್. ಉಬ್ಬರ ಬೆಳಗಿನ ರಶ್ ಹೊತ್ತಿಗೇ ಬಿದ್ದರೆ ಶುಕ್ರವಾರ ಐರೋಲಿ ಬಿಟ್ಟು ಮನೆಯಲ್ಲೇ ದಣಿವಾರಿಸಿಕೊಳ್ಳಲಿ.